ನಿರುದ್ಯೋಗಿ ಎನಿಸಿಕೊಳ್ಳಲು ಹೋಗಿ

ಐವತ್ತೆಂಟು ವರ್ಷದ ಹೆಂಗಸು ಕೆಲಸಕ್ಕಾಗಿ ಎಷ್ಟೇ ಚಪ್ಪಲಿ ಸವೆಸಿದರೂ ಅವಳನ್ನು ನಿರುದ್ಯೋಗಿ ಎಂದು ಯಾರೂ ಒಪ್ಪುವುದಿಲ್ಲ, ನೋಡಿ. ಎದುರು ಮನೆಯ ಹುಡುಗ ಹನ್ನೊಂದಕ್ಕೆ ಎದ್ದು ಆಕಳಿಸಿದರೆ ಅವನು ನಿರುದ್ಯೋಗಿ. ಬೀದಿಗೆ ಬೀದಿಯೇ ಅವನಿಗಾಗಿ ಮರುಗುತ್ತದೆ. ನಾನು ಬೆಳಗಾಗೆದ್ದು ಅಂಗಡಿ ಅಂಗಡಿ ಅಲೆದರೆ ಮಾತ್ರ, "ಮನೇಲಿ ಸುಮ್ಮನಿರೋಕೆ ಇವಳಿಗೇನು ಧಾಡಿ?"

ಶರ್ಟು ಹೊಲಿಯುವ ಕಾರ್ಖಾನೆಯ ಕಾಲರ್ ವಿಭಾಗದಲ್ಲಿ ತಲೆ ನರೆಯುವ ತನಕ ದುಡಿದವಳು ನಾನು. ಊರಿನ ಅರ್ಧ ಗಂಡಸರ ಕುತ್ತಿಗೆ ನನ್ನ ಕೈಯಲ್ಲಿತ್ತು. (ಒಂದು ಕುತ್ತಿಗೆ ಈಗಲೂ ಇದೆ ಎಂಬುದು ನಮ್ಮ ಯಜಮಾನರ ಅಂಬೋಣ.) ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಹೋದಲ್ಲೆಲ್ಲ ಮೊದಲು ವಯಸ್ಸು ಕೇಳುತ್ತಾರೆ, ಆಮೇಲೆ "ನೀರು ಕುಡೀತೀರಾ?" ಎನ್ನುತ್ತಾರೆ. ನೀರು ಕುಡಿದು ಮನೆಗೆ ಬರುತ್ತೇನೆ.

ಸಾಲದ್ದಕ್ಕೆ, ಸರ್ಕಾರದ ಉದ್ಯೋಗ ಸಮೀಕ್ಷೆಯ ಹುಡುಗಿ ಮೊದಲ ಸಲ ಬಂದಾಗ ನಾನು ಅಡುಗೆಮನೆಯಲ್ಲಿ ಅವಳಿಗೇ ಟೀ ಕಾಸುತ್ತಿದ್ದೆ. ಮನೆಯಲ್ಲಿ ಒಬ್ಬರು ಎಲ್ಲರ ಪರವಾಗಿ ಉತ್ತರ ಹೇಳಬಹುದಂತೆ. ನಮ್ಮ ಯಜಮಾನರಿಗೆ ಅಷ್ಟು ಸಾಕು. "ಅವಳಾ? ಏನೂ ಮಾಡಲ್ಲ. ಆರಾಮಾಗಿದ್ದಾಳೆ" ಎಂದು ಅಪ್ಪಣೆ ಕೊಡಿಸಿ ಕಳಿಸಿಬಿಟ್ಟರು.

"ಏನ್ರೀ, ನಾನು ಕೆಲಸ ಹುಡುಕ್ತಿರೋದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

"ನನ್ನ ಹೆಂಡತಿ ನಿರುದ್ಯೋಗಿ ಅಂತ ಬರೆಸಿದ್ರೆ ಮರ್ಯಾದೆ ಉಳಿಯುತ್ತೇನೇ?"

"ಏನೂ ಮಾಡಲ್ಲ ಅಂದ್ರೆ ಉಳಿಯುತ್ತಾ?"

ಯಜಮಾನರು ಪೇಪರಿನ ಹಿಂದೆ ಅಂತರ್ಧಾನರಾದರು. ನಾನು ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ. ಅವರು ಹೇಳಿದ್ದೇ ನಿಜವಿರಬಹುದು ಅನ್ನಿಸಿ ಅಳು ಬಂತು.

ಮೂರು ತಿಂಗಳಿಗೆ ಅದೇ ಹುಡುಗಿ ಅದೇ ಮನೆಗಳಿಗೆ ಮತ್ತೆ ಬರುತ್ತಾಳೆಂದು ತಿಳಿಯಿತು. ಅಂದು ಯಜಮಾನರನ್ನು ಅವರ ತಂಗಿಯ ಮನೆಗೆ ನಲ್ಲಿ ರಿಪೇರಿಗೆ ಅಟ್ಟಿದೆ. ಇಸ್ತ್ರಿ ಬಟ್ಟೆ ಉಟ್ಟು, ಪಟ್ಟಾಭಿಷೇಕಕ್ಕೆ ಕೂತವಳ ಹಾಗೆ ಕುರ್ಚಿಯಲ್ಲಿ ವಿರಾಜಮಾನಳಾದೆ.

"ಹೋದ ವಾರ ಒಂದು ಗಂಟೆಯಾದ್ರೂ ಸಂಬಳದ ಕೆಲಸ ಮಾಡಿದ್ರಾ, ಆಂಟಿ?"

"ಇಲ್ಲ."

"ಹುಡುಕಿದ್ರಾ?"

"ಟೈಲರ್ ಅಂಗಡಿ, ಲಾಂಡ್ರಿ, ಪರದೆ ಹೊಲಿಯೋರು, ಆಸ್ಪತ್ರೆಯ ಬಟ್ಟೆ ಕೋಣೆ. ಎಲ್ಲಾ ಬರ್ಕೋಮ್ಮ, ಒಂದೂ ಬಿಡಬೇಡ."

ಹುಡುಗಿ ಟ್ಯಾಬಿನ ಮೇಲೆ ಬೆರಳಾಡಿಸಿ ನಕ್ಕಳು. "ಇನ್ನೊಂದೇ ಪ್ರಶ್ನೆ. ಕೆಲಸ ಸಿಕ್ಕರೆ ತಕ್ಷಣ ಹೋಗೋಕೆ ರೆಡಿ ಇದ್ದೀರಾ? ಹೌದು ಅಂದ್ರೆ ನೀವು ನಿರುದ್ಯೋಗಿ."

ನನ್ನ ಎದೆ ಹಿಗ್ಗಿತು. ಬಾಯಿ ತೆರೆದೆ. ಹಾಳು ಫೋನು ಆಗಲೇ ಬಡಿದುಕೊಳ್ಳಬೇಕೆ!

"ಅಮ್ಮ, ಆಸ್ಪತ್ರೆಯ ಬಟ್ಟೆ ಕೋಣೆಯಿಂದ. ಹೊಲಿಯೋರು ಅರ್ಜೆಂಟಾಗಿ ಬೇಕು, ಈಗಲೇ ಬರ್ತೀರಾ?"

"ಈಗೆಲ್ಲಿ ಆಗುತ್ತೆ ಸ್ವಾಮಿ? ಸರ್ಕಾರದವರು ಎದುರಿಗೇ ಕೂತಿದ್ದಾರೆ, ಮುಖ್ಯವಾದ ಮಾತು ನಡೀತಿದೆ!" ಎಂದು ಗತ್ತಿನಿಂದ ಫೋನಿಟ್ಟೆ. "ಹಾಂ, ಎಲ್ಲಿದ್ವಿ? ಕರೆದ ತಕ್ಷಣ ಹೋಗ್ತೀನಿ, ಬರ್ಕೋ."

ಹುಡುಗಿಯ ಬೆರಳು ಅಲುಗಲಿಲ್ಲ. "ಆಂಟಿ, ಫೋನ್ ಯಾರದ್ದು?"

"ಆಸ್ಪತ್ರೆಯವರದ್ದು. ಕೆಲಸಕ್ಕೆ ಬನ್ನಿ ಅಂತ..."

ಆಗಷ್ಟೇ ಹೊಳೆಯಿತು. ತಿರುಗಿ ಫೋನು ಮಾಡಿದೆ. ಬ್ಯುಸಿ. ಮತ್ತೆ ಮಾಡಿದೆ.

"ಇನ್ನೊಬ್ಬರು ಒಪ್ಪಿದ್ರಮ್ಮ, ಮನೆ ಬಿಟ್ಟೂ ಆಯ್ತಂತೆ."

"ಚಿಕ್ಕ ಹುಡುಗೀನಾ?" ಎಂದೆ. ಹೌದೆಂದಿದ್ದರೆ ವಯಸ್ಸಿಗೆ ಎರಡು ಶಾಪ ಹಾಕಿ ಸಮಾಧಾನಪಟ್ಟುಕೊಳ್ಳಬಹುದಿತ್ತು.

"ಇಲ್ಲಮ್ಮ, ಅರವತ್ತೊಂದು ಅಂತೆ. ನಮಗೆ ಅಂಥ ಪಳಗಿದ ಕೈಯೇ ಬೇಕಾಗಿತ್ತು."

"ಅರವತ್ತೊಂದು ವರ್ಷದೋಳಿಗೆ ಕೊಟ್ರಂತಮ್ಮ" ಎಂದು ಹುಡುಗಿಗೆ ಹೇಳಿ ಕುರ್ಚಿಯಲ್ಲಿ ಹಾಗೇ ಕುಸಿದೆ. ಬೈಯೋಣವೆಂದರೆ ಯಜಮಾನರೂ ಮನೆಯಲ್ಲಿಲ್ಲ. ನಾನೇ ಅಟ್ಟಿದ್ದೆನಲ್ಲ! ಕಣ್ಣು ತುಂಬಿ ಬಂತು. ಆ ಹುಡುಗಿ ಪಾಪ, ಒಳ್ಳೆಯವಳು. ನನ್ನ ಕೈ ಹಿಡಿದು ಸಮಾಧಾನ ಹೇಳಲು ಏನಾದರೊಂದು ಹುಡುಕಿದಳು.

"ಅಳಬೇಡಿ ಆಂಟಿ. ನಿಮ್ಮ ವಯಸ್ಸಿನ ಹೆಂಗಸರಿಗೆ ಉದ್ಯೋಗ ಏರ್ತಾ ಇದೆ ಅಂತ ಆಫೀಸಲ್ಲಿ ಹೇಳ್ತಿದ್ರು. ನಾನು ನಂಬಿರಲಿಲ್ಲ, ಇವತ್ತು ಕಣ್ಣಾರೆ ಕಂಡೆ!"