ರಂಗೋಲಿ ಬಿದ್ದ ಎಕ್ಸೆಲ್ ಫೈಲು

ಪೀಣ್ಯದಲ್ಲಿ ಪಂಪಿನೊಳಗೆ ಕೂರೋ ಬುಷ್ ಅನ್ನೋ ಬಿಡಿಭಾಗ ಮಾಡೋ ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡ್ಕೊಳ್ತಿದ್ದೆ. ಡೇಟಾಬೇಸಲ್ಲಿರೋ ಮಾಲಿನ ಪಟ್ಟಿ ಎಳೆದು, ಗೆರೆ ಹಾಕಿ, ಬಣ್ಣ ಹಚ್ಚಿ, ದಿನಾ ಬೆಳಿಗ್ಗೆ ಎಕ್ಸೆಲ್ ಫೈಲ್ ಮಾಡಿ ಕಳಿಸೋ ವಿಷುಯಲ್ ಬೇಸಿಕ್ ಪ್ರೋಗ್ರಾಂ ನನ್ನದೇ ಕೈಚಳಕ. ಅಂದ್ಮೇಲೆ ಎಡವಟ್ಟೂ ನನ್ನದೇ, ವಾರಕ್ಕೊಂದು ಗ್ಯಾರಂಟಿ. ಆ ಫೈಲನ್ನ ರಾಜಗೋಪಾಲನಗರದ ನಮ್ಮ ಎರಡನೇ ಯೂನಿಟ್‌ನಲ್ಲಿ ತೆರೀತಿದ್ದದ್ದು ಮಾಲು ಕಳಿಸೋ ಡಿಸ್ಪ್ಯಾಚ್ ಮೇಡಂ. ಅವರ ದನಿ ನೆನೆಸ್ಕೊಂಡ್ರೆ ಈಗಲೂ ಎದೆ ಭಾರ ಆಗುತ್ತೆ. ಇರಲಿ, ಮೊದಲು ನಗೋಣ.

ಡಿಸೆಂಬರ್ ಹತ್ತು

"10-12 ನಂಬರಿನ ಬುಷ್ ಯಾಕ್ರೀ ಇನ್ನೂ ಹೋಗಿಲ್ಲ?" ಅಂತ ಮ್ಯಾನೇಜರ್ ಹಾರಾಡಿದ್ರು. ಮೇಡಂಗೆ ಫೋನ್ ಮಾಡಿದೆ.

"ಫೈಲಲ್ಲಿ ನೀವೇ ಹಾಕಿದೀರಲ್ಲ ಸಾರ್, ಡಿಸೆಂಬರ್ ಹತ್ತು ಅಂತ. ಈಗಿನ್ನೂ ಜೂನ್. ಬಾಕ್ಸ್ ಎತ್ತಿಟ್ಟಿದೀನಿ."

ಎಕ್ಸೆಲ್ಲು ಬುಷ್ ನಂಬರನ್ನೇ ತಾರೀಖು ಮಾಡಿಬಿಟ್ಟಿತ್ತು. "ಅದು ತಾರೀಖಲ್ಲ ಮೇಡಂ, ಬುಷ್ಷು" ಅಂದೆ.

"ಹೌದಾ? ಬುಷ್‌ಗೂ ಮುಹೂರ್ತ ನೋಡಿದೀರೇನೋ ಅಂದ್ಕೊಂಡೆ!"

ರಂಗೋಲಿ

ಕಾಲಂ ಅಗಲ ಸಾಲದಿದ್ರೆ ಎಕ್ಸೆಲ್ಲು ಅಂಕಿ ತೋರಿಸಲ್ಲ, ##### ಅಂತ ಗೀಚುತ್ತೆ. ಒಂದಿನ ಮೇಡಂ ಫೋನು: "ಸಾರ್, ಕ್ವಾಂಟಿಟಿ ಕಾಲಂ ತುಂಬಾ ರಂಗೋಲಿ ಬಿಟ್ಟಿದೀರಾ. ಏನ್ ಹಬ್ಬ ಇವತ್ತು?"

ಪ್ರೋಗ್ರಾಮಲ್ಲಿ ಒಂದು ಸಾಲು ತಿದ್ದಿದ್ರೆ ಮುಗೀತಿತ್ತು. ತಿದ್ದಲಿಲ್ಲ ಕಣ್ರೀ! ಅಗಲ ಸರಿಹೋದ್ರೆ ಅವರು ಯಾಕೆ ಫೋನ್ ಮಾಡ್ತಾರೆ? ದಿನಾ ಒಂಬತ್ತೂಕಾಲಿಗೆ ಫೋನ್ ಬರೋದು, ನಾನು "ಅಯ್ಯೋ, ಮತ್ತೆ ಬಂತಾ?" ಅನ್ನೋದು, ಕಾಲಂ ಹೆಂಗೆ ಎಳೀಬೇಕು ಅಂತ ಹತ್ತು ನಿಮಿಷ ಪಾಠ. ಭಾನುವಾರ ಬಂದ್ರೆ ಪ್ರಾಣಸಂಕಟ.

ಮೂರು ವಾರ ಆದ್ಮೇಲೆ ಅವರಂದ್ರು: "ಗೆರೆ ಮೇಲೆ ಎರಡು ಸಲ ಒತ್ತಿದ್ರೆ ಸರಿಹೋಗುತ್ತೆ ಅಂತ ಮೊದಲನೇ ದಿನವೇ ಗೊತ್ತಿತ್ತು ಸಾರ್ ನಂಗೆ."

ಮೂರೇ ಮಾತು

ಸಂಜೆ ಫೈಲ್ ವಾಪಸ್ ಕಳಿಸುವಾಗ ಷರಾ ಕಾಲಮ್ಮಲ್ಲಿ ಆ ಯೂನಿಟ್ ಜನ ಪುರಾಣ ಬರೀತಿದ್ರು: "ಮಷೀನ್ ಕೆಟ್ಟಿದೆ, ಮೆಕ್ಯಾನಿಕ್ ಅತ್ತೆಗೆ ಹುಷಾರಿಲ್ಲ." ಮ್ಯಾನೇಜರ್ ರೇಗಿದ್ರು. ಸರಿ, ಅಲ್ಲಿ ಆರಿಸೋಕೆ ಮೂರೇ ಮಾತು ಇಟ್ಟೆ: ಓಕೆ, ರಿಜೆಕ್ಟ್, ಇಲ್ಲಾ ತಿದ್ದಿ ಮತ್ತೆ ಕಳಿಸಿ ಅನ್ನೋ ರಿವರ್ಕ್. ಬೇರೆ ಏನ್ ಬರೆದ್ರೂ ಪರದೆ ಮೇಲೆ "ಕಥೆ ಬೇಡ" ಅಂತ ಬರೋ ಹಾಗೆ ಮಾಡಿದೆ.

ಅದೇ ವಾರ ನಂಗೆ ಎಲ್ಲಿಲ್ಲದ ಧೈರ್ಯ ಬಂತು. ಮೇಡಂಗೆ ಹೋಗೋ ಫೈಲಿನ ಕೊನೇ ಸಾಲಲ್ಲಿ ಹಾಕೇಬಿಟ್ಟೆ. ಐಟಂ: "ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ." ಕ್ವಾಂಟಿಟಿ: ಒಂದು.

ಸಂಜೆ ಫೈಲ್ ವಾಪಸ್ ಬಂತು. ಷರಾ: ರಿವರ್ಕ್.

ನನ್ನಲ್ಲೇ ಏನೋ ಐಬು ಅಂದ್ಕೊಂಡೆ. ಮೀಸೆ ತೆಗೆದೆ, ಹೊಸ ಶರ್ಟ್ ಹೊಲಿಸಿದೆ, ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಇನ್ನೊಂದ್ಸಲ ಕೇಳೋಕೆ ಮಾತ್ರ ಬಾಯಿ ಬರಲಿಲ್ಲ. ಅವರ ಫೋನೂ ನಿಂತುಹೋಯ್ತು. ಒಂಬತ್ತೂಕಾಲಾದ್ರೆ ಸುಮ್ನೆ ಫೋನ್ ನೋಡ್ತಾ ಕೂತಿರ್ತಿದ್ದೆ.

ವರ್ಷ ಕಳೆದು ಅವರೇ ನಮ್ಮ ಯೂನಿಟ್‌ಗೆ ಬಂದ್ರು, ತಮ್ಮ ಲಗ್ನಪತ್ರಿಕೆ ಕೊಡೋಕೆ. ಆಗ ಕೇಳಿದೆ: "ಅವತ್ತು ನನ್ನಲ್ಲಿ ಏನ್ ಸರಿ ಇರ್ಲಿಲ್ಲ ಮೇಡಂ?"

ನಗೋಕೆ ಹೋಗಿ ಕಣ್ಣು ತುಂಬಿಕೊಂಡ್ರು.

"ನೀವ್ ಸರಿಯಾಗೇ ಇದ್ರಿ ಸಾರ್. ಇನ್ನೊಂದ್ಸಲ ಕೇಳ್ಲಿ ಅಂತ ರಿವರ್ಕ್ ಒತ್ತಿದೆ. ಮನೇಲಿ ಹೇಳದೆ ಓಕೆ ಒತ್ತೋಕಾಗುತ್ತಾ? ಫೋನಲ್ಲಿ ಹೇಳೋಕೂ ನಾಚಿಕೆ. ಅದಕ್ಕೇ ಮೊದಲು ಷರಾದಲ್ಲಿ 'ಬಂದು ನಮ್ಮಪ್ಪನ್ನ ಕೇಳಿ' ಅಂತ ನಾಲ್ಕು ಸಲ ಬರೆದೆ. ನಾಲ್ಕು ಸಲಾನೂ ನಿಮ್ಮ ಫೈಲು 'ಕಥೆ ಬೇಡ' ಅಂತು!"