ಬೆಂಕಿಯ ಸುಣ್ಣಗಲ್ಲು ಹುಡುಕಿದ ಮಾಮ

ನಮ್ಮ ಸೋದರಮಾವನಷ್ಟು ಕಬ್ಬಿಣವನ್ನು ಅವಮಾನಿಸಿದ ಮನುಷ್ಯ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ! ಅದಿರಿನ ಬೆಲೆ ಆಕಾಶಕ್ಕೇರಿ, ಗುಡ್ಡಗಳು ಒಂದೊಂದಾಗಿ ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ಕಾಲ ಅದು. ನಿನ್ನೆಯವರೆಗೆ ಸೈಕಲ್ ಪಂಕ್ಚರಿಗೆ ಪರದಾಡುತ್ತಿದ್ದವರು ಇಂದು ಹೆಲಿಕಾಪ್ಟರಿನ ಬಣ್ಣ ಯಾವುದಿರಬೇಕೆಂದು ಚರ್ಚಿಸುತ್ತಿದ್ದರು. ಗುಡ್ಡ ಯಾರದು, ಕೊಟ್ಟವರು ಯಾರು, ಜವಾಬು ಹೇಳಬೇಕಾದವರು ಯಾರು ಎಂದು ನಮ್ಮಂಥವರು ಕೇಳಿದರೆ ಉತ್ತರವಾಗಿ ಬರುತ್ತಿದ್ದುದು ಕೆಂಪು ಧೂಳು ಮಾತ್ರ. ಅಂಥ ಊರಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಮಾಮ, "ಕಬ್ಬಿಣದಾಗ ಏನೈತವ್ವಾ, ಎಲ್ಲಿ ಕೆದರಿದ್ರೂ ಸಿಗತೈತಿ. ಅದಕ್ಕೊಂದು ಮರ್ಯಾದಿನ ಇಲ್ಲ!" ಎಂದು ಮೂಗು ಮುರಿಯುತ್ತಿದ್ದ.

ಅವನ ಜೀವವೆಲ್ಲ ಇದ್ದದ್ದು ಕಾರ್ಬೊನಟೈಟ್ ಎಂಬ ಕಲ್ಲಿನ ಮೇಲೆ. ಸುಣ್ಣಗಲ್ಲು ಸಾಮಾನ್ಯವಾಗಿ ನೀರಿನಲ್ಲಿ ಹುಟ್ಟುತ್ತದೆ. ಇದು ಭೂಮಿಯ ಆಳದಲ್ಲಿ ಕರಗಿ, ಕುದಿದು, ಮೇಲೆದ್ದು ಬಂದ ಬೆಂಕಿಯ ಸುಣ್ಣಗಲ್ಲು. ಟಿವಿ, ಮೊಬೈಲುಗಳಿಗೆ ಬೇಕಾದ ವಿರಳ ಧಾತುಗಳು ಗುಂಪುಗೂಡುವುದು ಹೆಚ್ಚಾಗಿ ಇದರಲ್ಲಿಯೇ ಅಂತೆ. ಅವು ಹೇಗೆ ಗುಂಪುಗೂಡುತ್ತವೆ ಎಂಬುದು ಮಾಮನ ಡಾಕ್ಟರೇಟಿನ ವಿಷಯ. ಅದು ವರ್ಷಾನುಗಟ್ಟಲೆ ಮುಗಿಯಲಿಲ್ಲ. ಏಕೆಂದರೆ ಕಲ್ಲನ್ನು ತಾನೇ ಹುಡುಕಬೇಕೆಂಬುದು ಅವನ ಹಟ. "ಬ್ಯಾರೇದವ್ರು ಹುಡುಕಿದ ಕಲ್ಲಿನ ಮ್ಯಾಲೆ ನಾ ಬರಿಯೋದಂದ್ರ, ಬ್ಯಾರೇದವ್ರ ಮದುವ್ಯಾಗ ನಾ ಬಾಸಿಂಗ ಕಟ್ಕೊಂಡಂಗಲ್ಲೇನು?"

ಹೀಗಾಗಿ ಕಂಡ ಕಲ್ಲಿಗೆಲ್ಲ ಆಸಿಡ್ ಹನಿಸುವುದು ಅವನ ದಿನಚರಿಯಾಯಿತು. ನೊರೆಯುಕ್ಕಿದರೆ ಅದು ಸುಣ್ಣದ ಜಾತಿಯ ಕಲ್ಲು. ಅತ್ತೆಯ ರೇಷ್ಮೆ ಸೀರೆಗೆ ಜರಡಿಯಂತೆ ತೂತು ಬಿದ್ದ ದಿನ ಆಸಿಡ್ ಬಾಟಲಿಗೆ ಮನೆಯಲ್ಲಿ ನಿಷೇಧ ಬಿತ್ತು. ಮಾಮ ಸೋತನೇ? ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡ! ಪಾರ್ವತಿನಗರದಲ್ಲಿ ಹೊಸ ಸಾಹುಕಾರರೊಬ್ಬರ ಗೃಹಪ್ರವೇಶಕ್ಕೆ ಹೋದಾಗ, ಪಳಪಳ ಹೊಳೆಯುವ ನೆಲದ ಮೇಲೆ ಮಂಡಿಯೂರಿ ನಿಂಬೆ ಹಿಂಡತೊಡಗಿದ.

"ಏನ್ರಿ ಮೇಷ್ಟ್ರೆ, ನಮ್ಮ ನೆಲಕ್ಕ ಉಪ್ಪು, ಖಾರ ಬ್ಯಾಡೇನ್ರಿ?" ಎಂದರು ಮನೆಯ ಯಜಮಾನರು.

"ಮೋಸ ಆಗಿಲ್ರಿ ನಿಮಗ! ಅಸಲಿ ಮಾರ್ಬಲ್ ಐತಿ!"

ಅಸಲಿತನದ ಸಾಕ್ಷಿಯಾಗಿ ಉಳಿದ ಆ ಕಲೆಯ ಮೇಲೆ ಮನೆಯವರು ಇಂದಿಗೂ ಒಂದು ಹೂಕುಂಡ ಇಟ್ಟುಕೊಂಡಿದ್ದಾರೆ.

ಸಿರುಗುಪ್ಪದ ಕಡೆಯ ಹಚ್ಚೊಳ್ಳಿಗೆ ಮದುವೆಗೆ ಹೋದಾಗಲೂ ಅಷ್ಟೇ. ಊಟಕ್ಕೆ ಕಾಯುತ್ತಿದ್ದ ಬೀಗರೊಬ್ಬರು ಬೇಸರ ಕಳೆಯಲೆಂದು ಅವನ ಸಂಶೋಧನೆಯ ಬಗ್ಗೆ ಕೇಳಿ ಸಿಕ್ಕಿಬಿದ್ದರು.

"ಈ ಪಂಕ್ತಿ ನೋಡ್ರಿ," ಎಂದ ಮಾಮ. "ಕರಗಿದ ಕಲ್ಲು ಆರಾಕ ಹತ್ತಿತಂದ್ರ ಹರಳು ಕಟ್ಟತಾವು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಓಡಿಹೋಗಿ ಮೊದಲನೇ ಪಂಕ್ತ್ಯಾಗ ಎಲಿ ಹಿಡೀತಾವು. ನಮ್ಮ ವಿರಳ ಧಾತು ಮೈ ದೊಡ್ಡವು. ಆ ಜಾಗದಾಗ ಹಿಡ್ಸಂಗಿಲ್ಲ. 'ಮುಂದಿನ ಪಂಕ್ತಿಗೆ ಬರ್ರಿ' ಅಂತ ದಬ್ಬತಾರ. ಹಿಂಗ ದಬ್ಬಿಸ್ಕೊಂತ, ದಬ್ಬಿಸ್ಕೊಂತ ಕಡೀ ಪಂಕ್ತ್ಯಾಗ ಬರೇ ಅವ ಉಳೀತಾವು!"

"ಅಷ್ಟೊತ್ತಿಗೆ ಹೋಳಿಗಿ ಉಳಿದಿರತೈತೇನ್ರಿ?" ಬೀಗರ ಆತಂಕ ಬೇರೆಯೇ ಇತ್ತು.

"ಹೋಳಿಗಿ ಇರೋದ ಅಲ್ಲಿ!" ಎಂದು ಮಾಮ ಅವರ ತೊಡೆ ತಟ್ಟಿದ. ಈ ಸಂಭ್ರಮದಲ್ಲಿ ನಮಗೆ ಕೊನೆಯ ಪಂಕ್ತಿಯೂ ತಪ್ಪಿಹೋಯಿತು!

ಕೊನೆಗೊಮ್ಮೆ ಕುರುಗೋಡಿನ ಆಚೆ, ಸಣ್ಣ ಹಳ್ಳಿಯೊಂದರ ಹಿಂದಿನ ಗುಡ್ಡದಲ್ಲಿ, ಗ್ರಾನೈಟಿನ ಸೀಳಿನೊಳಗೆ ಅವನಿಗೊಂದು ಬಿಳಿ ಪಟ್ಟಿ ಕಂಡಿತು. ಹನಿ ಬಿದ್ದೊಡನೆ ಭರ್ರನೆ ನೊರೆ! ತುಂಡೊಂದನ್ನು ಪರೀಕ್ಷೆಗೆಂದು ಗೆಳೆಯನ ಪ್ರಯೋಗಾಲಯಕ್ಕೆ ಕಳಿಸಿದನೇನೋ ನಿಜ. ಆದರೆ ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಬೇಕಲ್ಲ? ತರಗತಿಯಲ್ಲೇ ಹೇಳಿಬಿಟ್ಟ. ಸುದ್ದಿ ಗಣಿ ದಲ್ಲಾಳಿಯೊಬ್ಬನ ಕಿವಿ ತಲುಪಿತು. ಆ ಗುಡ್ಡದ ಮೇಲೆ ಊರಿನ ಕುರಿಗಳೆಲ್ಲ ಮೇಯುತ್ತಿದ್ದವು, ಅದರಿಂದ ಇಳಿದ ನೀರೇ ಊರಿನ ಕೆರೆ ತುಂಬುತ್ತಿತ್ತು. ದಲ್ಲಾಳಿಗೆ ಕಂಡದ್ದು ಅಗೆಯುವ ಜಾಗ ಮಾತ್ರ.

ಅಷ್ಟರಲ್ಲಿ ಪ್ರಯೋಗಾಲಯದ ಉತ್ತರ ಬಂತು. ಬೆಂಕಿಯ ಗುರುತಿಲ್ಲ, ವಿರಳ ಧಾತುಗಳಿಲ್ಲ. ನೀರು ತಂದು ಕಟ್ಟಿದ ಬರೀ ಸುಣ್ಣ. ಮಾಮ ತಾನೂ ಮತ್ತೆ ಮತ್ತೆ ಕಲ್ಲನ್ನು ಸೀಳಿ ನೋಡಿದ. ಅದೇ ಉತ್ತರ.

ದಲ್ಲಾಳಿ ಮನೆಗೇ ಬಂದ. "ಲ್ಯಾಬ್‌ನೋರಿಗೇನು ಗೊತ್ರಿ ಸಾರ್? ಊರಾಗ ಮಂದಿ ಕೂಡಿಸೀನಿ. ನೀವು 'ಐತಿ' ಅಂದ್ರ ಸಾಕು, ಮುಂದಿಂದು ನಮ್ಮದು. ಪೇಪರ್‌ನ್ಯಾಗ ನಿಮ್ಮ ಫೋಟೋ, ಆ ಕಲ್ಲಿಗೂ ನಿಮ್ಮ ಹೆಸರ!"

ಕಲ್ಲಿಗೆ ತನ್ನ ಹೆಸರು! ಮಾಮನ ಮುಖ ಒಂದು ಕ್ಷಣ ಬೆಳಗಿದ್ದನ್ನು ನಾನು ಕಂಡೆ. ಒಪ್ಪಿಬಿಡುತ್ತಾನೇನೋ ಎಂದುಕೊಂಡೆ.

ಮಾಮನ ಜೊತೆ ನಾನೂ ಹೋದೆ. ಗುಡ್ಡದ ಕೆಳಗಿನ ಆ ಹಳ್ಳಿಯ ಕಟ್ಟೆಯ ಮುಂದೆ ಜನ ನೆರೆದಿದ್ದರು. ಮಾಮ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಇದು ಬೆಂಕ್ಯಾಗ ಹುಟ್ಟಿದ್ದಲ್ರಿ. ನೀರು ಹರಿದು ಸೀಳಿನ್ಯಾಗ ಕಟ್ಟಿದ ಸುಣ್ಣ. ನಾನ ತಪ್ಪು ತಿಳ್ಕೊಂಡಿದ್ದೆ. ಈ ಗುಡ್ಡದಾಗ ಅಗಿಯೋವಂಥಾದ್ದು ಏನೂ ಇಲ್ಲ."

"ಸಾರ್, ಇನ್ನೊಮ್ಮಿ ನೋಡ್ರಿ..." ದಲ್ಲಾಳಿ ಪಿಸುಗುಟ್ಟಿದ.

"ನೋಡೀನ್ರಿ. ನಾನು ಬೇಕಾದ್ರ ಮಾತು ಬದಲಿಸ್ತೀನಿ, ಕಲ್ಲು ಬದಲಸಂಗಿಲ್ಲ."

ಕುರಿ ಕಾಯುವ ಅಜ್ಜಿಯೊಬ್ಬಳು ಎದ್ದಳು. "ಹಂಗಾರ ನಮ್ಮ ಗುಡ್ಡ ಇಲ್ಲೇ ಇರತೈತೇನಪ್ಪಾ?"

"ಇರತೈತಬೇ."

ಚಪ್ಪಾಳೆ ಬಿತ್ತು! ಅಜ್ಜಿ ಮನೆಗೆ ಹೋಗಿ ಹೊಸ ಕರಿ ಕಂಬಳಿ ತಂದು ಅವನ ಹೆಗಲಿಗೆ ಹೊದಿಸಿದಳು. ಏನನ್ನೂ ಕಂಡುಹಿಡಿಯದೆ ಇದ್ದದ್ದಕ್ಕೆ ಸನ್ಮಾನ ಪಡೆದ ವಿಜ್ಞಾನಿ ಜಗತ್ತಿನಲ್ಲಿ ಬೇರೆ ಯಾರಿದ್ದಾರೆ, ಹೇಳಿ? ಗುಡ್ಡಗಳನ್ನೇ ನುಂಗಿದವರು ಯಾರಿಗೂ ಜವಾಬು ಹೇಳದ ಜಿಲ್ಲೆಯಲ್ಲಿ, ಒಂದು ಬಿಳಿ ಪಟ್ಟಿಗಾಗಿ ಇವನೊಬ್ಬ ಊರೆದುರು ನಿಂತು ಜವಾಬು ಹೇಳಿದ್ದ.

ಬಳ್ಳಾರಿಯ ಬಸ್ಸಿನಲ್ಲಿ ಅವನು ಕಿಟಕಿಗೆ ಒರಗಿ ಕೂತ. "ಬ್ಯಾಸರಾತೇನು ಮಾಮ?" ಎಂದೆ.

"ಬ್ಯಾಸರ ಯಾಕವ್ವಾ..." ಕಿಟಕಿಯಾಚೆ ನೋಡುತ್ತಲೇ ಹೇಳಿದ. "ಚಂದಿತ್ತಲ್ಲ, ಆ ಬಿಳಿ ಪಟ್ಟಿ."

ಆಸಿಡ್ಡಿನಿಂದ ಸುಟ್ಟು ಒರಟಾಗಿದ್ದ ಅವನ ಬೆರಳುಗಳನ್ನು ಹಿಡಿದುಕೊಂಡೆ. ಆ ಉರಿಬಿಸಿಲಿನಲ್ಲೂ ಅವನು ಹೆಗಲ ಮೇಲಿನ ಕಂಬಳಿ ತೆಗೆಯಲಿಲ್ಲ. ಊರು ಬರುವವರೆಗೆ ನಾನು ಅವನ ಕೈ ಬಿಡಲಿಲ್ಲ.