ಒಂಬತ್ತು ಕುರ್ಚಿ, ಇಬ್ಬರು ಮಂದಿ

ಒಂಬತ್ತು ಜನ ಮಾಡಬೇಕಾದ ಕೆಲಸಕ್ಕೆ ಇಬ್ಬರೇ ಇದ್ದರೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬೆಳಿಗ್ಗೆ ನಮಗಿಂತ ಮೊದಲು ಬಂದು ಬಾಗಿಲ ಮುಂದೆ ನಿಂತಿರುತ್ತವೆ.

ನಾನು ಮುದ್ದೇಬಿಹಾಳದವಳು. ಸಿಂದಗಿ ಬಿಟ್ಟು ದೇವರ ಹಿಪ್ಪರಗಿ ಕಡೆ ಹೊರಟರೆ, ಊರು ಮುಗಿದ ಮೇಲೆ ತೊಗರಿ ಹೊಲಗಳ ನಡುವೆ ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರ. ಅದರ ಗ್ರಂಥಾಲಯಕ್ಕೆ ನಾನು ಗ್ರಂಥಪಾಲಕಿ. ದೊಡ್ಡ ದೊಡ್ಡ ಕಿಟಕಿಗಳಿದ್ದವು. ತೊಗರಿ ಹೂ ಬಿಟ್ಟ ಕಾಲಕ್ಕೆ ಓದುವ ಕೋಣೆಯೆಲ್ಲ ಹಳದಿ ಬೆಳಕಿನಲ್ಲಿ ತೇಲುತ್ತಿರುವಂತೆ ಕಾಣುತ್ತಿತ್ತು. ಗಾಳಿ ಒಳಗೆ ಬಂದು, ಯಾರೋ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿತ್ತು. ಎಷ್ಟೋ ದಿನ ನಾನು ಕೈಯಲ್ಲಿ ಸೀಲು ಹಿಡಿದುಕೊಂಡು ಅದನ್ನೇ ನೋಡುತ್ತ ಕುಳಿತುಬಿಡುತ್ತಿದ್ದೆ. ನನ್ನ ಸೇವೆಯಲ್ಲಿ ಕಂಡ ಅತಿ ಶ್ರದ್ಧೆಯ ಓದುಗ ಆ ಗಾಳಿಯೇ ಇರಬೇಕು.

ಆ ಕಡೆಯವರು

ಕಟ್ಟಡ ಕಟ್ಟಿದಾಗ ಒಂಬತ್ತು ಹುದ್ದೆ ಬರುತ್ತವೆಂದು ಒಂಬತ್ತು ಮೇಜು, ಒಂಬತ್ತು ಕುರ್ಚಿ ತರಿಸಿ, ಒಂದೊಂದರ ಮೇಲೂ ಫಲಕ ಇಟ್ಟಿದ್ದರು. ಪುಸ್ತಕ ವಿತರಣೆ, ಪರಾಮರ್ಶನ, ನಿಯತಕಾಲಿಕೆ, ಹೀಗೆ. ಕುರ್ಚಿಗಳು ಬಂದವು, ಹುದ್ದೆಗಳು ಬರಲಿಲ್ಲ. ಇದ್ದವರು ನಾನು ಮತ್ತು ಲಚ್ಯಾಣದ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅಟೆಂಡರ್. ಐವತ್ತು ದಾಟಿದ ಶಿಸ್ತಿನ ಮನುಷ್ಯ. ಯಾವ ಕೆಲಸ ಯಾವ ಮೇಜಿನದೋ ಅದನ್ನು ಆ ಮೇಜಿನಲ್ಲೇ ಕುಳಿತು ಮಾಡಬೇಕು ಎಂಬುದು ಆತನ ನಿಯಮ.

ಒಂದು ದಿನ ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬ, ಅಟೆಂಡರ್ ಕುಳಿತಿದ್ದ ವಿತರಣೆಯ ಮೇಜಿಗೆ ಬಂದ.

“ಶಬ್ದಕೋಶ ಬೇಕಾಗಿತ್ರಿ.”

“ಅದು ಪರಾಮರ್ಶನದಾಗ ಬರ್ತೈತಿ. ಆ ಮೂಲ್ಯಾಗ ಹೋಗ್ರಿ.”

ವಿದ್ಯಾರ್ಥಿ ಆ ಮೂಲೆಗೆ ನಡೆದ. ಅಟೆಂಡರ್ ಕಪಾಟುಗಳ ಹಿಂದಿನಿಂದ ಹಾಯ್ದು, ಅವನಿಗಿಂತ ಮೊದಲೇ ಅಲ್ಲಿ ಹೋಗಿ ಕುಳಿತ. ಮುಖ ಬೇರೆ, ಗಂಭೀರ. “ಬರ್ರಿ. ಏನ ಬೇಕಿತ್ತು?”

“ಶಬ್ದಕೋಶ ರೀ. ಮನಿಗೆ ಒಯ್ಬೇಕಿತ್ತು.”

“ಇಲ್ಲೇ ಕೂತು ಓದ್ಬೇಕು. ಮನಿಗೆ ಕೊಡೂದು ಬಿಡೂದು ನನ್ನ ಕೆಲಸಲ್ಲ. ವಿತರಣೆಯವರನ್ನ ಕೇಳ್ರಿ.”

ಪಾಪ, ಅವನು ಮತ್ತೆ ತಿರುಗಿ ಬಂದ. ಅಟೆಂಡರ್ ಇಲ್ಲಿಯೂ ಬಂದು ಕುಳಿತಾಗಿತ್ತು. ವಿದ್ಯಾರ್ಥಿ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದ: “ಆ ಮೂಲ್ಯಾಗ ಕುಂತವರು ನಿಮ್ಮ ಅಣ್ಣಾರೇನ್ರಿ? ಸರಿಯಾಗಿ ಮಾತಾಡಂಗಿಲ್ಲ ನೋಡ್ರಿ.”

ಅಟೆಂಡರ್ ಆ ಖಾಲಿ ಕುರ್ಚಿಯ ಕಡೆ ನೋಡಿ ಉಸಿರು ಬಿಟ್ಟ. “ಅಂವಾ ಹಂಗಽ ಅದಾನ. ನಾನೂ ಭಾಳ ಸಲ ಹೇಳೇನಿ.”

ತೂಬಿನ ಹತ್ರ

ಮಂದಿ ಬೇಕು, ಮಂದಿ ಬೇಕು ಎಂದು ನಾನು ಬರೆದ ಪತ್ರಗಳಿಗೆ ಉತ್ತರವಾಗಿ ಒಮ್ಮೆ ಒಬ್ಬ ಹಿರಿಯರನ್ನು ಆರು ತಿಂಗಳ ಗುತ್ತಿಗೆಯ ಮೇಲೆ ಕಳಿಸಿದರು. ಆಲಮಟ್ಟಿಯ ಕಾಲುವೆ ಕೆಲಸದಲ್ಲಿ ವರ್ಷಗಟ್ಟಲೆ ನೀರು ಬಿಟ್ಟು, ನೀರು ನಿಲ್ಲಿಸಿ ನಿವೃತ್ತರಾದವರು. ಪುಸ್ತಕದ ಬೆನ್ನಿನ ಮೇಲಿನ ಅಂಕಿಗಳನ್ನು ನೋಡಿ ಹೇಗೆ ಜೋಡಿಸಬೇಕೆಂದು ಅವರಿಗೆ ಎರಡು ದಿನ ಹೇಳಿಕೊಟ್ಟೆ. ತಲೆಯಾಡಿಸಿ ಕೇಳಿದರು. ನಾನು ನಾಲ್ಕು ದಿನ ಒಂದು ಸಭೆಗೆ ಹೋಗಿ ಬರುವಷ್ಟರಲ್ಲಿ ಇಡೀ ಗ್ರಂಥಾಲಯ ಜಾಗ ಬದಲಿಸಿತ್ತು.

“ಇದೇನ್ ಮಾಡೀರಿ?” ಎಂದೆ.

“ಅಕ್ಕಾರ, ನಿಮ್ಮ ನಂಬರಿಗೆ ನಾ ಕೈ ಹಚ್ಚಿಲ್ಲ. ಕಪಾಟು ಅಷ್ಟ ಆಕಡಿ ಈಕಡಿ ಮಾಡೇನಿ. ಮಂದಿ ಭಾಳ ಕೇಳೂ ಪುಸ್ತಕ ತೂಬಿನ ಹತ್ರ. ಯಾರೂ ಕೇಳದ್ದು ಕಾಲುವಿ ತುದಿಗೆ.”

ಕಾಲುವೆಗೆ ನೀರು ಬಿಡುವ ತೂಬು ಎಂದರೆ ಅವರ ಲೆಕ್ಕದಲ್ಲಿ ನಮ್ಮ ಮುಂಬಾಗಿಲು. ಸಿಟ್ಟು ಬಂತು. ಆದರೆ ಅರ್ಧ ತಾಸು ಹುಡುಕಾಡುತ್ತಿದ್ದ ವಿದ್ಯಾರ್ಥಿಗಳು ಈಗ ಹೀಗೆ ಬಂದು ಹಾಗೆ ಪುಸ್ತಕ ಹಿಡಿದುಕೊಂಡು ಹೋಗುತ್ತಿದ್ದರು. ಸಿಟ್ಟನ್ನು ಹಾಗೇ ಇಟ್ಟುಕೊಂಡು ನೋಡುತ್ತ ಕುಳಿತೆ. ಸಂಜೆಯ ಬಿಸಿಲಿನಲ್ಲಿ, ಬಾಗಿಲಿನಿಂದ ಕೊನೆಯ ಗೋಡೆಯವರೆಗೆ ಪುಸ್ತಕಗಳು ಸಪ್ಪಳವಿಲ್ಲದೆ ಹರಿಯುತ್ತಿರುವಂತೆ ಕಂಡಿತು. ಸುಮ್ಮನಾದೆ.

ಸುಮ್ಮನಾಗದಿದ್ದವರು ಒಬ್ಬ ಪ್ರಾಧ್ಯಾಪಕರು. ಅವರು ಬರೆದ ಪುಸ್ತಕದ ಪ್ರತಿಗಳು ಕೊನೆಯ ಗೋಡೆಯ ಬುಡದಲ್ಲಿದ್ದವು. “ನನ್ನ ಪುಸ್ತಕ ಅಲ್ಲ್ಯಾಕೈತಿ?” ಎಂದು ಹಿರಿಯರನ್ನು ಕೇಳಿದರು.

ಹಿರಿಯರು ಎದ್ದು ನಿಂತು ಮರ್ಯಾದೆಯಿಂದ ಹೇಳಿದರು: “ಸಾಹೇಬ್ರ, ಅಲ್ಲಿತನಾ ಇನ್ನೂ ನೀರು ಮುಟ್ಟಿಲ್ರಿ.”

ಮರುದಿನದಿಂದ ಆ ಪ್ರಾಧ್ಯಾಪಕರ ತರಗತಿಯವರು ದಿನಕ್ಕೆ ಇಬ್ಬಿಬ್ಬರಂತೆ ಬಂದು ಅದೇ ಪುಸ್ತಕ ಕೇಳತೊಡಗಿದರು. ವಾರದೊಳಗೆ ಅದನ್ನು ಬಾಗಿಲ ಹತ್ತಿರ ತಂದಿಡಬೇಕಾಯಿತು. ತಂದಿಡುತ್ತ ಹಿರಿಯರು ನನ್ನ ಕಿವಿಯಲ್ಲಿ ಹೇಳಿದರು: “ಪಂಪ್‌ಸೆಟ್ ಹಚ್ಯಾರ್ರಿ.”

ಕಾವಲು

ಆರು ತಿಂಗಳು ಮುಗಿದು ಹಿರಿಯರು ಹೋದರು. ಮತ್ತೆ ನಾವಿಬ್ಬರೇ. ಮಾಗಿಯ ಒಂದು ಮಧ್ಯಾಹ್ನ ಅಟೆಂಡರ್ ಊಟಕ್ಕೆ ಹೋಗಿದ್ದ. ಬಿಸಿಲು ಬೆಚ್ಚಗೆ ಕಿಟಕಿಯಿಂದ ಇಳಿದು ಮೇಜುಗಳ ಮೇಲೆ ಹಬ್ಬಿತ್ತು. ಪರೀಕ್ಷೆಗೆ ಓದಲು ಬಂದವರೆಲ್ಲ ಒಬ್ಬೊಬ್ಬರಾಗಿ ಪುಸ್ತಕದ ಮೇಲೆ ತಲೆ ಇಟ್ಟರು. ಎಬ್ಬಿಸಬೇಕೆಂದುಕೊಂಡೆ. ಅಷ್ಟರಲ್ಲಿ ಎಲ್ಲಿಂದಲೋ ಕುರಿಗಂಟೆಯ ಸಪ್ಪಳ ಕೇಳಿಸಿತು. ಕೇಳುತ್ತ ಕೇಳುತ್ತ, ಕಪಾಟುಗಳ ನಡುವೆ ಹಸಿರು ಹುಲ್ಲು ಬೆಳೆದಿದ್ದನ್ನೂ ಬಿಳಿಯ ಹಾಳೆಗಳು ಮೇಯುತ್ತಿದ್ದುದನ್ನೂ ನಾನು ಕಣ್ಣಾರೆ ಕಂಡೆ.

ಕಣ್ಣು ತೆರೆದಾಗ ಎದುರಿಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮನುಷ್ಯ ಕೋಲೂರಿ ನಿಂತಿದ್ದ. ಬಸವನ ಬಾಗೇವಾಡಿ ಕಡೆಯ ಕುರಿಗಾರ. ಅವನ ಮಗಳು ನಮ್ಮಲ್ಲಿ ಎಂ.ಎ. ಓದುತ್ತಿದ್ದಳು, ದಿನವೂ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂಡುವವಳು. ಅವಳಿಗೆ ರೊಟ್ಟಿಯ ಗಂಟು ತಂದಿದ್ದ.

“ಯಾವಾಗ ಬಂದ್ರಿ?” ಎಂದೆ, ಸೆರಗು ಸರಿಮಾಡಿಕೊಳ್ಳುತ್ತ.

“ಒಂದ ತಾಸಾತ್ರಿ.”

“ಮಗಳನ್ನ ಎಬ್ಬಿಸಬೇಕಿಲ್ಲೇನ್ರಿ?”

“ಇಷ್ಟ ಮಂದಿ ಮಲಗ್ಯಾರ, ಒಬ್ಬಾಕೀನ ಹೆಂಗ ಎಬ್ಬಿಸ್ಲಿ?” ಎಂದ. ಕೋಣೆಯನ್ನೆಲ್ಲ ಒಮ್ಮೆ ನೋಡಿ, ನೊಂದವನಂತೆ ದನಿ ತಗ್ಗಿಸಿದ. “ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ಹಿಂಡು ಮಲಗಿದಾಗ ನಾವು ಮಲಗಾಕ ಬರಂಗಿಲ್ಲ. ನೀವು ಈ ಕೆಲಸಕ್ಕ ಹೊಸಬ್ರೇನ್ರಿ?”

ಸಮಿತಿ

ಮುಂದಿನ ವರ್ಷ ಗ್ರಂಥಾಲಯಗಳ ಸೇವೆಯ ಗುಣಮಟ್ಟ ನೋಡಲು ಒಂದು ಸಮಿತಿ ಬರುತ್ತದೆಂದು ಪತ್ರ ಬಂತು. ಸೇವೆ ಕಳಪೆ ಎಂದು ಕಂಡರೆ ಗ್ರಂಥಾಲಯ ಮುಚ್ಚಿ, ಪುಸ್ತಕಗಳನ್ನು ಮುಖ್ಯ ಆವರಣಕ್ಕೆ ಸಾಗಿಸುವ ಮಾತಿತ್ತು. ಚೆನ್ನಾಗಿದೆ ಎಂದು ಕಂಡರೆ, ಇಬ್ಬರೇ ಸಾಕಲ್ಲ ಎಂದು ಹುದ್ದೆ ಕೊಡುತ್ತಿರಲಿಲ್ಲ. ಹೇಗೆ ಕಾಣಬೇಕೆಂಬುದೇ ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣ ಎಂದು ಮನವಿ ಬರೆದಿಟ್ಟುಕೊಂಡೆ.

ಸಮಿತಿ ಬರುವ ದಿನ ಅಟೆಂಡರನ ಬಸ್ಸು ದಾರಿಯಲ್ಲಿ ಕೆಟ್ಟಿತು. ನಾನೊಬ್ಬಳೇ. ಪುಸ್ತಕ ಕೇಳುವವರ ಸಾಲು ಬಾಗಿಲು ದಾಟಿತ್ತು. ಆ ಕುರಿಗಾರನ ಮಗಳು ಓದುವುದನ್ನು ಬಿಟ್ಟು ಎದ್ದು ಬಂದಳು. “ನೀವು ಸಾಹೇಬ್ರನ್ನ ನೋಡ್ಕೋರಿ ಅಕ್ಕಾರ, ಇದನ್ನ ನಾ ಮಾಡ್ತೇನಿ” ಎಂದು ವಿತರಣೆಯ ಕುರ್ಚಿಯಲ್ಲಿ ಕುಳಿತಳು. ಅವಳನ್ನು ನೋಡಿ ಇನ್ನೊಬ್ಬಳು ಎದ್ದಳು, ಮತ್ತೊಬ್ಬ ಎದ್ದ. ಸಮಿತಿ ಒಳಗೆ ಬಂದಾಗ ಒಂಬತ್ತೂ ಕುರ್ಚಿ ತುಂಬಿದ್ದವು. ಉಳಿದವರು ಪುಸ್ತಕ ಒರೆಸಿ ಜೋಡಿಸುತ್ತಿದ್ದರು. ಇಷ್ಟು ವರ್ಷ ಕಣ್ಣುಮುಚ್ಚಿ ಕುಳಿತು ಎಲ್ಲ ಕುರ್ಚಿಗೂ ಮಂದಿ ಬಂದಂತೆ ನಾನು ಕಂಡ ಕನಸು ಈಗ ಕಣ್ಣು ತೆರೆದಿದ್ದಾಗಲೇ ನಡೆಯುತ್ತಿತ್ತು.

ಅಷ್ಟರಲ್ಲಿ ಅಟೆಂಡರ್ ಬೆವರುತ್ತ ಬಂದ. ತನ್ನ ಒಂಬತ್ತು ಕುರ್ಚಿಯಲ್ಲಿ ಒಂದೂ ಖಾಲಿ ಇಲ್ಲದ್ದನ್ನು ಕಂಡು, ಏನೂ ತಿಳಿಯದೆ, ಓದುವ ಬೆಂಚಿನ ಮೇಲೆ ಕುಳಿತು ಪತ್ರಿಕೆ ಬಿಡಿಸಿದ.

ಸಮಿತಿಯ ಅಧ್ಯಕ್ಷರು ಮೆತ್ತಗೆ ಮಾತಾಡುವ ಮುದುಕರು. “ಸರ್, ನಮ್ಮಲ್ಲಿ ಸಿಬ್ಬಂದಿ...” ಎಂದು ನಾನು ಶುರುಮಾಡಿದೆ.

“ಕಾಣಾಕತ್ತೈತಿ, ಕಾಣಾಕತ್ತೈತಿ” ಎಂದರು. ಆಮೇಲೆ ಬೆಂಚಿನ ಕಡೆ ಬೆರಳು ಮಾಡಿದರು. “ಓದಾಕ ಅವರೊಬ್ಬರಽ ಬರ್ತಾರೇನು?”

ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ಸೇವೆ ಅತ್ಯುತ್ತಮ. ಓದುಗರು ಕಡಿಮೆ, ಸಿಬ್ಬಂದಿ ಹೆಚ್ಚು. ಹೆಚ್ಚಾದ ಇಬ್ಬರನ್ನು ಸಿಬ್ಬಂದಿಯೇ ಇಲ್ಲದ ಇಂಡಿ ಊರಿನ ಕೇಂದ್ರಕ್ಕೆ ಕಳಿಸತಕ್ಕದ್ದು. ಹಾಜರಿ ಪುಸ್ತಕದಲ್ಲಿ ಇದ್ದದ್ದೇ ಎರಡು ಹೆಸರು, ಎರಡನ್ನೂ ಬರೆದಿದ್ದರು. ನಮ್ಮ ಕೇಂದ್ರದ ನಿರ್ದೇಶಕರಿಗೆ ತೋರಿಸಿದರೆ, “ಮೊದಲ ಹೋಗ್ರಿ, ಆಮ್ಯಾಲ ಬರಕೊಳ್ಳೂಣು” ಎಂದರು. ಹೊರಡುವಾಗ ಆ ಕುರಿಗಾರನ ಮಗಳ ಕೈಗೆ ಬೀಗದ ಕೈ ಕೊಟ್ಟೆ. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. “ಹೋಗಿ ಬರ್ರಿ” ಎಂದಳು.

ಮೂರನೆಯ ವಾರಕ್ಕೆ ಯಾರಿಗೋ ತಪ್ಪು ಹೊಳೆದು ಆದೇಶ ರದ್ದಾಯಿತು. ಮರಳಿ ಬಂದು ನೋಡಿದರೆ ಗ್ರಂಥಾಲಯ ಒಂದು ದಿನವೂ ಮುಚ್ಚಿರಲಿಲ್ಲ.

ಆದರೆ ನನಗೆ ಹೆಚ್ಚು ನೆನಪಿರುವುದು ಇಂಡಿಯಲ್ಲಿನ ಮೊದಲ ದಿನ. ಬೇಲಿಯಾಚೆ ನಿಂಬೆ ತೋಟ, ಕೋಣೆಯೆಲ್ಲ ಹೂವಿನ ವಾಸನೆ, ನೆಲದ ಮೇಲೆ ಎಲೆಗಳ ನೆರಳು ಅಲುಗಾಡುತ್ತಿತ್ತು. ಅಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು ಕಾವಲುಗಾರ, ಒಬ್ಬನೇ. ನಮ್ಮನ್ನು ಕಂಡು ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ತೋಟದಿಂದ ನಿಂಬೆಹಣ್ಣು ತಂದು ಶರಬತ್ತು ಮಾಡಿಕೊಟ್ಟ. ಎದುರಿಗೆ ಕುಳಿತು ಕೇಳಿದ:

“ಮಂದಿ ಕಳಸ್ರಿ ಅಂತ ಬರ್ದು ಬರ್ದು ಸಾಕಾಗಿತ್ರಿ. ಎಲ್ಲೂ ಮಂದಿ ಇಲ್ಲ ಅಂತಿದ್ರು. ನಿಮ್ಮನ್ನ ಎಲ್ಲಿಂದ ತಗದು ಕಳಿಸಿದ್ರು?”

“ಸಿಂದಗಿಯಿಂದ” ಎಂದ ನಮ್ಮ ಅಟೆಂಡರ್. “ಅಲ್ಲಿ ಮಂದಿ ಹೆಚ್ಚಾಗಿತ್ರಿ.”

“ಹೌದೇನ್ರಿ? ಎಷ್ಟ ಮಂದಿ ಇದ್ರಿ ಅಲ್ಲಿ?”

“ಇಬ್ರು.”

“ಹೆಚ್ಚಾದವರು ಎಷ್ಟ ಮಂದಿ?”

“ಇಬ್ರು.”

ಕಾವಲುಗಾರ ಗ್ಲಾಸು ಕೆಳಗಿಟ್ಟು, ಎರಡು ಬೆರಳು ಎತ್ತಿ, ಎರಡನ್ನೂ ಮಡಿಚಿದ. ಆಮೇಲೆ ಸಮಾಧಾನದಿಂದ ಹೇಳಿದ:

“ಹಂಗಾದ್ರ ಈಗ ಅಲ್ಲಿ ಬರೋಬ್ಬರಿ ಆಗಿರಬೇಕ್ರಿ.”